ಬರಲಿರುವ ಮಾದರಿ ಟ್ಯಾಂಕು: ಊಹೆ ಹೇಗೆ, ಎಲ್ಲಿಯವರೆಗೆ?

ಪಾಳಿ ಮುಗಿಸಿ ಸಂಜೆ ನಮ್ಮ ವಾಚನಾಲಯಕ್ಕೆ ಬರುವ ತರುಣರಲ್ಲಿ ಮೂರು ನಾಲ್ಕು ಜನ ಈಚೆಗೆ ಪತ್ರಿಕೆಗಳ ಮೇಜನ್ನು ಬಿಟ್ಟು ಕಿಟಕಿಯ ಪಕ್ಕದ ಬೆಂಚನ್ನು ಹಿಡಿದಿದ್ದಾರೆ. ಒಬ್ಬನ ಕೈಯಲ್ಲಿ ಮೊಬೈಲು; ಅದರಲ್ಲಿ ಮಸಿ ಬಳಿದಂತಹ ಒಂದು ನೆರಳುಚಿತ್ರ. ಉಳಿದವರು ಅದರ ಮೇಲೆ ಬಾಗಿ, "ಗಾಲಿ ಎಣಿಸಪ್ಪಾ, ಆರು ಅದಾವ", "ಹಂಗಾದ್ರ ಟಿ-೫೫ ಅಲ್ಲ ಬಿಡು" ಎಂದು ವಾದಿಸುವರು. ವಿಚಾರಿಸಲಾಗಿ, ಪರದೇಶದ ಕಂಪನಿಯೊಂದು ಮುಂದೆ ಮಾರಾಟಕ್ಕೆ ತರಲಿರುವ ಮಾದರಿ ಟ್ಯಾಂಕು ಯಾವುದೆಂದು ಊಹಿಸುವ ಆಟ ಅದೆಂದು ತಿಳಿಯಿತು. ನಮ್ಮ ಹಿರಿಯ ಸದಸ್ಯರೊಬ್ಬರು, "ದುಡಿಯುವ ಹುಡುಗರಿಗೆ ಇದೆಂಥ ಮಕ್ಕಳಾಟ" ಎಂದು ನಕ್ಕರು. ನಮಗೂ ಮೊದಲು ಹಾಗೆಯೇ ತೋರಿತು. ಆದರೆ ಕುಳಿತು ಕೇಳಿದ ಮೇಲೆ, ಇದರಲ್ಲಿ ಕಲಿಯತಕ್ಕದ್ದು ಸಾಕಷ್ಟು ಉಂಟು, ಎಚ್ಚರ ವಹಿಸತಕ್ಕದ್ದೂ ಒಂದುಂಟು ಎಂದು ಕಂಡುಬಂದುದರಿಂದ ಈ ಲೇಖನ.

ಚಿಕ್ಕದಾಗಿ ಮಾಡಿ ನೋಡುವುದು ನಮಗೆ ಹೊಸದಲ್ಲ. ಉತ್ತರ ಕರ್ನಾಟಕದ ನಮ್ಮ ಬಾಂಧವರೆಲ್ಲರೂ ಮಣ್ಣೆತ್ತಿನ ಅಮಾವಾಸ್ಯೆಯಂದು ಹಸಿ ಮಣ್ಣಿನಲ್ಲಿ ಜೋಡೆತ್ತು ಮಾಡಿ ಪೂಜಿಸಿದವರೇ. ಕೋಡಿನ ತಿರುವನ್ನು ತಿದ್ದಿ, ಇದು ಖಿಲಾರಿ ಎತ್ತು ಎಂದು ಗುರುತಿಸುವಂತೆ ಮಾಡಿದ ಹುಡುಗನಿಗೆ ಓಣಿಯಲ್ಲಿ ಹೆಸರು. ಮಾದರಿ ಟ್ಯಾಂಕಿನ ಹವ್ಯಾಸವೂ ಅದೇ ಜಾತಿಯದು. ಪೆಟ್ಟಿಗೆಯೊಳಗೆ ಪ್ಲಾಸ್ಟಿಕ್ಕಿನ ನೂರಾರು ಬಿಡಿಭಾಗಗಳು ಕಡ್ಡಿಗಳಿಗೆ ಅಂಟಿಕೊಂಡು ಬರುವವು. ಅವನ್ನು ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಹಚ್ಚಿ ನಿಜವಾದ ವಾಹನದ ತದ್ರೂಪವನ್ನು ನಿಲ್ಲಿಸಬೇಕು. ಇದಕ್ಕೆ ಕಿಟ್ಟು ಎನ್ನುವರು.

ಸೇನಾವಾಹನಗಳ ಕಿಟ್ಟಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ರಮಾಣ ೩೫ಕ್ಕೆ ೧. ಈ ವಿಚಿತ್ರ ಅಂಕಿ ಹುಟ್ಟಿದ್ದು ಜಪಾನಿನಲ್ಲಿ. ೧೯೬೦ರ ದಶಕದ ಆರಂಭದಲ್ಲಿ ಶಿಜುವೋಕ ಊರಿನ ತಾಮಿಯಾ ಕಂಪನಿಯು ಜರ್ಮನಿಯ ಪ್ಯಾಂಥರ್ ಟ್ಯಾಂಕಿನ ಮಾದರಿಯನ್ನು ಮೋಟಾರು ಇಟ್ಟು ಓಡುವಂತೆ ಮಾಡಿತು. ಒಳಗೆ ಬ್ಯಾಟರಿ ಸೆಲ್ಲುಗಳು ಹಿಡಿಯಬೇಕಲ್ಲ, ಅಷ್ಟಕ್ಕೆ ತಕ್ಕ ಗಾತ್ರವನ್ನು ಇಟ್ಟರು. ಆಮೇಲೆ ಅಳೆದು ನೋಡಿದರೆ ನಿಜವಾದ ಟ್ಯಾಂಕಿನ ಸುಮಾರು ೩೫ರಲ್ಲಿ ಒಂದು ಪಾಲು ಆಗಿತ್ತು. ಅದೇ ಮುಂದೆ ಲೋಕಕ್ಕೆಲ್ಲ ಅಳತೆಗೋಲಾಯಿತು. ನಮ್ಮ ಸೂರತ್ ಬಳಿಯ ಹಜೀರಾದಲ್ಲಿ ತಯಾರಾಗುವ ಕೆ-೯ ವಜ್ರ ತೋಪು ನಳಿಗೆಯೂ ಸೇರಿ ಸುಮಾರು ೧೨ ಮೀಟರ್ ಉದ್ದ. ೩೫ಕ್ಕೆ ೧ರಂತೆ ಮಾಡಿದರೆ ಅದು ಸುಮಾರು ೩೪ ಸೆಂಟಿಮೀಟರ್ ಆಗಿ ನಮ್ಮ ಓದುವ ಮೇಜಿನ ಮೂಲೆಯಲ್ಲಿ ಕೂಡುವುದು.

ಇನ್ನು ಊಹೆಯ ಮಾತು. ಕಂಪನಿಗಳು ಹೊಸ ಕಿಟ್ಟಿನ ಸುದ್ದಿಯನ್ನು ಒಮ್ಮೆಗೇ ಹೇಳುವುದಿಲ್ಲ. ಜರ್ಮನಿಯ ನ್ಯೂರೆಂಬರ್ಗಿನಲ್ಲಿ ವರ್ಷದ ಮೊದಲಿಗೆ ಆಟಿಕೆಗಳ ದೊಡ್ಡ ಸಂತೆ ಕೂಡುವುದು. ಶಿಜುವೋಕದಲ್ಲಿ ಮೇ ತಿಂಗಳಲ್ಲಿ ಮಾದರಿಗಳ ಪ್ರದರ್ಶನ ನಡೆಯುವುದು. ಅವುಗಳಿಗೆ ಮುಂಚೆ ಒಂದು ನೆರಳುಚಿತ್ರವನ್ನೋ, ಒಂದು ಗಾಲಿಯ ತುಣುಕನ್ನೋ ತೋರಿಸಿ ಆಸೆ ಹುಟ್ಟಿಸುವರು. ಆಗ ಹವ್ಯಾಸಿಗಳ ತರ್ಕ ಶುರುವಾಗುವುದು. ಬಾಯಿಗೆ ಬಂದುದನ್ನು ಹೇಳುವುದು ಊಹೆಯಲ್ಲ. ಬಲ್ಲವರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವರು.

ಮೊದಲನೆಯದು, ಅಚ್ಚಿನ ಖರ್ಚು ಗಿಟ್ಟುವುದೇ ಎಂಬುದು. ಉಕ್ಕಿನ ಅಚ್ಚನ್ನು ಕೊರೆದು, ಕಾಯಿಸಿದ ಪ್ಲಾಸ್ಟಿಕ್ಕನ್ನು ಒತ್ತಡದಿಂದ ಅದರೊಳಗೆ ತುಂಬಿ ಭಾಗಗಳನ್ನು ತೆಗೆಯುವರು. ಪ್ಲಾಸ್ಟಿಕ್ಕು ಅಗ್ಗ, ಅಚ್ಚು ತುಟ್ಟಿ. ಸೂರತ್ತಿನ ಮಗ್ಗದ ಬಾಂಧವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಜಕಾರ್ಡಿನ ಡಿಜೈನ್ ಒಮ್ಮೆ ಮಾಡಿಸಿದ ಮೇಲೆ ಸೇಠರು ಅದೊಂದರಿಂದಲೇ ಹತ್ತು ರಂಗಿನ ಸೀರೆ ತೆಗೆಯುವರು. ಕಿಟ್ಟಿನ ಸೇಠರೂ ಹಾಗೆಯೇ, ಒಂದು ಅಚ್ಚಿನಿಂದ ಎಷ್ಟು ದೇಶಗಳ ಪೆಟ್ಟಿಗೆ ಹೊರಡುವುದೆಂದು ಲೆಕ್ಕ ಹಾಕುವರು. ವಜ್ರದ ಮೂಲ ದಕ್ಷಿಣ ಕೊರಿಯಾದ ಕೆ-೯ ಥಂಡರ್. ಕೊರಿಯಾದ ಅಕಾಡೆಮಿ ಎಂಬ ಕಂಪನಿ ಅದರ ೩೫ಕ್ಕೆ ೧ರ ಕಿಟ್ಟನ್ನು ಹೊರತಂದಿತು. ಫಿನ್ಲೆಂಡ್ ದೇಶವು ಈ ತೋಪನ್ನು ಕೊಂಡ ಮೇಲೆ ಆ ದೇಶದ ಗುರುತುಗಳಿರುವ ಪೆಟ್ಟಿಗೆಯನ್ನೂ ತಂದಿತು. ಭಾರತ ೨೦೧೭ರಲ್ಲಿ ೧೦೦ ವಜ್ರಗಳಿಗೆ ಕರಾರು ಮಾಡಿಕೊಂಡು, ಅವೆಲ್ಲವನ್ನೂ ೨೦೨೧ರ ಫೆಬ್ರವರಿಯೊಳಗೆ ಪಡೆಯಿತು. ೨೦೨೪ರ ಡಿಸೆಂಬರಿನಲ್ಲಿ ಇನ್ನೂ ೧೦೦ಕ್ಕೆ ಕರಾರಾಯಿತು. ಮರುಭೂಮಿಗೆಂದು ನಮ್ಮಲ್ಲಿ ಮಾಡಿದ ಮಾರ್ಪಾಡುಗಳಿಗೆ ಕೆಲವು ಹೊಸ ಭಾಗ, ನಮ್ಮ ಸೇನೆಯ ಗುರುತಿನ ಚೀಟಿ, ಇಷ್ಟಿದ್ದರೆ ಹಳೆಯ ಅಚ್ಚಿನಿಂದ ಭಾರತದ ಪೆಟ್ಟಿಗೆಯೂ ಹೊರಡಬಹುದು. ಇದು ಆಧಾರವುಳ್ಳ ಊಹೆ. ಆದರೂ ಊಹೆಯೇ.

ಎರಡನೆಯದು, ವಸ್ತುವನ್ನು ಅಳೆಯಲು ಸಿಕ್ಕುವುದೇ ಎಂಬುದು. ಹತ್ತಿರದಿಂದ ನೋಡದೆ ಒಳ್ಳೆಯ ಕಿಟ್ಟು ಆಗದು. ತಾಮಿಯಾ ಕಂಪನಿಯನ್ನು ಬೆಳೆಸಿ ೨೦೨೫ರಲ್ಲಿ ತಮ್ಮ ೯೦ನೆಯ ವಯಸ್ಸಿನಲ್ಲಿ ತೀರಿಕೊಂಡ ಶುನ್ಸಾಕು ತಾಮಿಯಾ ಅವರು ಅಮೆರಿಕದ ಅಬರ್ಡೀನಿನಲ್ಲಿದ್ದ ಸೇನಾ ವಸ್ತುಸಂಗ್ರಹಾಲಯಕ್ಕೆ ಹೋಗಿ ಟ್ಯಾಂಕುಗಳನ್ನು ಮೂಲೆ ಮೂಲೆಗೂ ಫೋಟೋ ತೆಗೆದುಕೊಂಡು ಬಂದವರು. ಕಾರಿನ ಕಿಟ್ಟಿಗೋಸ್ಕರ ನಿಜವಾದ ಪೋರ್ಷೆ ಕಾರನ್ನೇ ಕೊಂಡು ಬಿಚ್ಚಿಸಿ ನೋಡಿದರು. ಆದುದರಿಂದ ಬಳಕೆ ಮುಗಿದು ಸಂಗ್ರಹಾಲಯ ಸೇರಿದ ಟ್ಯಾಂಕಿಗೆ ಕಿಟ್ಟು ಬರುವ ಸಂಭವ ಹೆಚ್ಚು. ಇನ್ನೂ ಪರೀಕ್ಷೆಯಲ್ಲಿರುವುದಕ್ಕೆ ಕಡಿಮೆ.

ಹಜೀರಾದಲ್ಲಿಯೇ ೨೦೨೪ರ ಜುಲೈ ೬ರಂದು ತೋರಿಸಲಾದ ಜೋರಾವರ್ ಹಗುರ ಟ್ಯಾಂಕನ್ನು ಈ ದೃಷ್ಟಿಯಿಂದ ನೋಡಬಹುದು. ಡಿ.ಆರ್.ಡಿ.ಓ. ಮತ್ತು ಲಾರ್ಸನ್ ಅಂಡ್ ಟೂಬ್ರೋ ಕೂಡಿ ಇದನ್ನು ರಚಿಸಿದವು. ಲಡಾಖಿನಲ್ಲಿ ದಂಡಯಾತ್ರೆ ಮಾಡಿದ ೧೯ನೆಯ ಶತಮಾನದ ಡೋಗ್ರಾ ಸೇನಾನಿ ಜೋರಾವರ್ ಸಿಂಗನ ಹೆಸರು ಇದಕ್ಕೆ. ತೂಕ ಸುಮಾರು ೨೫ ಟನ್, ತೋಪು ೧೦೫ ಮಿಲಿಮೀಟರಿನದು. ಅದೇ ವರ್ಷದ ಡಿಸೆಂಬರಿನಲ್ಲಿ ೪,೨೦೦ ಮೀಟರಿಗೂ ಮೇಲಿನ ಎತ್ತರದಲ್ಲಿ ಗುಂಡು ಹಾರಿಸಿ ಪರೀಕ್ಷಿಸಿದರು. ತೋಪನ್ನು ಹೊತ್ತು ತಿರುಗುವ ಇದರ ಗೋಪುರ ಬೆಲ್ಜಿಯಮಿನ ಕಾಕರಿಲ್ ಕಂಪನಿಯದು. ಅದೇ ಮನೆತನದ ಗೋಪುರ ಇಂಡೋನೇಷಿಯಾದ ಹರಿಮಾವು ಟ್ಯಾಂಕಿನಲ್ಲಿಯೂ ಉಂಟು. ಆದುದರಿಂದ ಗೋಪುರದ ಅಚ್ಚು ಎರಡಕ್ಕೂ ಒದಗೀತು ಎಂದು ತರ್ಕಿಸಬಹುದು. ಒಡಲಿನ ಅಚ್ಚು ಮಾತ್ರ ಬೇರೆಯೇ ಬೇಕು. ಅದನ್ನು ಅಳೆಯಲು ಯಾರು ಬಿಟ್ಟಾರು? ಆಸೆಯನ್ನು ತೂಗುವ ಪ್ರಶ್ನೆ ಇದು.

ಮೂರನೆಯದು ಕಣ್ಣಿನ ಕೆಲಸ. ಎತ್ತನ್ನು ಕೋಡಿನಿಂದ ಗುರುತಿಸುವಂತೆ ಟ್ಯಾಂಕನ್ನು ಗಾಲಿಗಳಿಂದ ಗುರುತಿಸುವರು. ರಷ್ಯದ ಟಿ-೫೫ಕ್ಕೆ ಒಂದೊಂದು ಬದಿಗೆ ಐದು ದೊಡ್ಡ ಗಾಲಿ, ಮೊದಲ ಎರಡರ ನಡುವೆ ಹೆಚ್ಚು ಸಂದು. ಟಿ-೬೨ಕ್ಕೂ ಐದೇ, ಆದರೆ ಹೆಚ್ಚಿನ ಸಂದು ಹಿಂದಿನ ಗಾಲಿಗಳ ನಡುವೆ. ಟಿ-೭೨ಕ್ಕೆ ಆರು. ನಮ್ಮ ಅರ್ಜುನ್ ಟ್ಯಾಂಕಿಗೆ ಏಳು. ನೆರಳುಚಿತ್ರದಲ್ಲಿ ಮೇಲ್ಭಾಗವನ್ನು ಮರೆಮಾಡಿದರೂ ಗಾಲಿಗಳು ಗುಟ್ಟು ಬಿಡುವವು. ಕಣ್ಣನ್ನು ಪಳಗಿಸಲು ಒಳ್ಳೆಯ ಜಾಗ ಅಹಮದನಗರದ, ಈಗಿನ ಅಹಿಲ್ಯಾನಗರದ, ಅಶ್ವದಳ ಟ್ಯಾಂಕ್ ಸಂಗ್ರಹಾಲಯ. ೧೯೯೪ರಲ್ಲಿ ಸ್ಥಾಪಿತವಾದ ಇದರಲ್ಲಿ ನಮ್ಮ ವಿಜಯಂತವೂ ಉಂಟು. ರಜೆಯಲ್ಲಿ ಊರಿಗೆ ಹೋಗುವಾಗ ಒಂದು ದಿನ ಹೆಚ್ಚಿಟ್ಟುಕೊಂಡರೆ ನೋಡಿಕೊಂಡು ಹೋಗಬಹುದು.

ಈ ಗುರುತಿನ ವಿದ್ಯೆ ಬರಿಯ ಆಟವಲ್ಲ. ೧೯೭೧ರ ಯುದ್ಧದಲ್ಲಿ ನಮ್ಮ ಕಡೆ ಟಿ-೫೫, ಪಾಕಿಸ್ತಾನದ ಕಡೆ ಚೀನದ ಟೈಪ್-೫೯. ಎರಡೂ ಒಂದೇ ಬೀಜದವು. ದೂರದಿಂದ ನೋಡಿದರೆ ಅಣ್ಣತಮ್ಮಂದಿರಂತೆ. ನಮ್ಮವರೇ ನಮ್ಮವರ ಮೇಲೆ ಗುಂಡು ಹಾರಿಸಬಾರದೆಂದು ನಮ್ಮ ಟ್ಯಾಂಕುಗಳ ನಳಿಗೆಯ ನಡುವೆ ಒಂದು ಹುಸಿ ಉಬ್ಬನ್ನು ತೊಡಿಸಿದ್ದರು. ಆ ಉಬ್ಬನ್ನು ಕಂಡವನು ಬೆರಳನ್ನು ಹಿಂದೆಗೆಯಬೇಕು. ಒಂದು ಆಕಾರವನ್ನು ಸರಿಯಾಗಿ ಓದುವುದರ ಮೇಲೆ ಟ್ಯಾಂಕಿನೊಳಗೆ ಕುಳಿತವರ ಪ್ರಾಣ ನಿಂತಿತ್ತು.

ಆದರೆ ಊಹೆ ಎಷ್ಟು ದಾರಿ ತಪ್ಪುವುದೆಂಬುದಕ್ಕೂ ದೃಷ್ಟಾಂತ ಉಂಟು. ಅಮೆರಿಕವು ರಡಾರಿಗೆ ಸಿಗದ ವಿಮಾನವೊಂದನ್ನು ಗುಟ್ಟಾಗಿ ಹಾರಿಸುತ್ತಿದೆ ಎಂಬ ಸುದ್ದಿ ಹಬ್ಬಿದ್ದಾಗ, ೧೯೮೬ರಲ್ಲಿ ಅಲ್ಲಿನ ಟೆಸ್ಟರ್ಸ್ ಕಂಪನಿಯು ಬರಿಯ ಊಹೆಯಿಂದಲೇ ಎಫ್-೧೯ ಎಂಬ ಕಿಟ್ಟನ್ನು ತಂದಿತು. ಜನ ಮುಗಿಬಿದ್ದು ಕೊಂಡರು. ಗುಟ್ಟು ಹೇಗೆ ಹೊರಬಿತ್ತೆಂದು ಅಲ್ಲಿನ ಸಂಸತ್ತಿನಲ್ಲಿ ಪ್ರಶ್ನೆಯೆದ್ದಿತು. ೧೯೮೮ರ ನವೆಂಬರಿನಲ್ಲಿ ಸರಕಾರವು ನಿಜವಾದ ಎಫ್-೧೧೭ರ ಚಿತ್ರವನ್ನು ಪ್ರಕಟಿಸಿದಾಗ ನೋಡಿದರೆ, ಕಿಟ್ಟಿನದು ನುಣುಪಾದ ಬಾಗು ಮೈ, ನಿಜವಾದುದು ವಜ್ರದ ಹರಳಿನಂತೆ ಚಪ್ಪಟೆ ಮುಖಗಳದು! ಇದಕ್ಕೆ ತಿರುಗುಮುರುಗಾದುದು ೧೯೬೧ರ ಸಂಗತಿ. ರೆವೆಲ್ ಕಂಪನಿಯು ಪೊಲಾರಿಸ್ ಕ್ಷಿಪಣಿಯ ಅಣು ಜಲಾಂತರ್ಗಾಮಿಯ ಕಿಟ್ಟನ್ನು ತಂದಾಗ, ಅದರಲ್ಲಿ ಒಳಗಿನ ವಿವರಗಳು ಅತಿಯಾಗಿ ನಿಜವಾಗಿವೆಯೆಂದು ನೌಕಾಪಡೆಯ ಅಡ್ಮಿರಲ್ ರಿಕೋವರ್ ಬಹಿರಂಗವಾಗಿಯೇ ಆಕ್ಷೇಪಿಸಿದರು. ಮೂರು ಡಾಲರಿಗೂ ಕಡಮೆ ಬೆಲೆಯ ಆಟಿಕೆ ದೇಶದ ಗುಟ್ಟಿನ ಪ್ರಶ್ನೆಯಾಯಿತು.

ಈಗ ನಾವು ಮೊದಲು ಹೇಳಿದ ಎಚ್ಚರದ ಮಾತಿಗೆ ಬರುವೆವು. ಬೆಂಚಿನ ತರುಣರಲ್ಲಿ ಒಬ್ಬನು ಸೂರತ್ ಕಡೆಯ ಕಾರ್ಖಾನೆಯೊಂದರಲ್ಲಿ ಗುತ್ತಿಗೆದಾರರ ಕೈಕೆಳಗೆ ಫಿಟ್ಟರನ ಸಹಾಯಕನಾಗಿ ಇದ್ದಾನೆ. ವಿಜಯಪುರ ಜಿಲ್ಲೆಯವನು, ತಿಂಗಳು ತಿಂಗಳು ಊರಿಗೆ ಹಣ ಕಳಿಸುವನು. ಅವನು ಒಂದು ಸಂಜೆ ನಮ್ಮನ್ನು ಪಕ್ಕಕ್ಕೆ ಕರೆದು, "ಅಣ್ಣಾರ, ದೂರದ ಊರಿನ ಒಬ್ಬ ಗೆಳೆಯಾ ಫೋನ್ ಮಾಡ್ಯಾನ್ರಿ. ನಿಮ್ಮ ಕಡೆ ಲಾರಿ ಮ್ಯಾಲ ಏನರೆ ಹೊಂಟ್ರ ಗಾಲಿ ಅಳತಿ ಸಿಗೂವಂಗ ಒಂದು ಫೋಟೋ ಹೊಡದು ಕಳಸು ಅಂತಾನ್ರಿ. ಕಳಸಲೇನ್ರಿ?" ಎಂದು ಕೇಳಿದನು. ಅವನ ಮುಖದಲ್ಲಿ ಕಪಟವಿರಲಿಲ್ಲ. ತನ್ನ ಊಹೆಯೇ ಸರಿಯೆಂದು ತೋರಿಸುವ ಉಮೇದು ಅಷ್ಟೆ.

"ಬ್ಯಾಡಪಾ" ಎಂದೆವು. ಕಾರಣವನ್ನೂ ಹೇಳಿದೆವು. ೧೯೨೩ರ ಅಧಿಕೃತ ರಹಸ್ಯ ಕಾಯ್ದೆ ಇಂದಿಗೂ ಜಾರಿಯಲ್ಲಿದೆ. ದೇಶದ ಸುರಕ್ಷತೆಗೆ ಬಾಧಕವಾಗುವ ಉದ್ದೇಶದಿಂದ ನಿಷಿದ್ಧ ಸ್ಥಳದ ಹತ್ತಿರ ಹೋಗುವುದು, ಶತ್ರುವಿಗೆ ಉಪಯೋಗವಾಗಬಹುದಾದ ನಕ್ಷೆ, ಟಿಪ್ಪಣಿ ಮಾಡುವುದು ಅದರ ಪ್ರಕಾರ ಅಪರಾಧ. ಆ ಪಟ್ಟಿಯಲ್ಲಿ ಮಾದರಿ ಎಂಬ ಮಾತೂ ಇದೆ ಎಂಬುದನ್ನು ಹವ್ಯಾಸಿಗಳು ನೆನಪಿನಲ್ಲಿಡಬೇಕು. ನಮ್ಮ ಹುಡುಗನಿಗೆ ಅಂತಹ ದುರುದ್ದೇಶ ಇಲ್ಲವೆಂಬುದು ನಮಗೆ ಗೊತ್ತು. ಆದರೆ ಪರಭಾಷೆಯ ಊರಿನಲ್ಲಿ, ಠಾಣೆಯಲ್ಲಿ ನಿಂತು ಅದನ್ನು ಅವನು ವಿವರಿಸಿ ಮುಗಿಸುವುದರೊಳಗಾಗಿ ಅವನ ಗೇಟ್ ಪಾಸು ಹೋಗಿರುವುದು, ಊರಿಗೆ ಹೋಗುವ ಹಣವೂ ನಿಂತಿರುವುದು. ಕೇಳಿದ ಗೆಳೆಯನು ನಿಜವಾಗಿ ಹವ್ಯಾಸಿಯೋ ಮತ್ತಾರೋ, ಫೋನಿನ ದನಿಯಿಂದ ತಿಳಿಯದು. ವಡೋದರೆಯ ಬಾಂಧವರಿಗೂ ಇದೇ ಮಾತು. ಅಲ್ಲಿ ೨೦೨೪ರ ಅಕ್ಟೋಬರ್ ೨೮ರಂದು ಸೇನೆಯ ಸಿ-೨೯೫ ಸಾಗಾಣಿಕೆ ವಿಮಾನಗಳ ಕಾರ್ಖಾನೆ ಉದ್ಘಾಟನೆಯಾಗಿದೆ. ಹೊಟ್ಟೆಪಾಡಿಗೆ ಹೋದ ಜಾಗದಲ್ಲಿ ಕಣ್ಣಿಗೆ ಬಿದ್ದುದು ಅಲ್ಲಿಯೇ ಉಳಿಯಲಿ.

ಹಾಗಾದರೆ ಊಹಿಸುವವನು ಏನನ್ನು ಆಧಾರ ಮಾಡಿಕೊಳ್ಳಬೇಕು? ಸರಕಾರವೇ ಎಲ್ಲರೆದುರಿಗೆ ತಂದು ನಿಲ್ಲಿಸಿದುದನ್ನು. ವಜ್ರವು ೨೦೧೯ರ ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ದೆಹಲಿಯ ರಾಜಪಥದಲ್ಲಿ ಸಾಗಿತು. ೨೦೨೨ರ ಅಕ್ಟೋಬರಿನಲ್ಲಿ ಗಾಂಧಿನಗರದಲ್ಲಿ ರಕ್ಷಣಾ ಪ್ರದರ್ಶನ ನಡೆದಾಗ ಅಹಮದಾಬಾದಿನ ಸಾಬರಮತಿ ದಂಡೆಯಲ್ಲಿ ಸಾರ್ವಜನಿಕರ ಮುಂದೆ ಸೇನೆಯ ಸಾಹಸಗಳನ್ನು ತೋರಿಸಿದರು. ಮೆರವಣಿಗೆಯ ಚಿತ್ರಗಳು, ಸರಕಾರದ ಪ್ರಕಟಣೆಗಳು, ಸಂಗ್ರಹಾಲಯಗಳು, ಇಷ್ಟು ಸಾಲದೆ? ನೆರಳುಚಿತ್ರವನ್ನು ಓದುವ ಜಾಣ್ಮೆ ಇರುವುದೇ ಕಡಿಮೆ ಕಂಡು ಹೆಚ್ಚು ತಿಳಿಯುವುದರಲ್ಲಿ. ಕದ್ದು ಅಳೆದ ಮೇಲೆ ಅದು ಊಹೆಯೂ ಅಲ್ಲ, ಆಟವೂ ಅಲ್ಲ.

ಹಣದ ಬಗ್ಗೆ ಒಂದು ಮಾತು. ಪರದೇಶದ ಒಳ್ಳೆಯ ಕಿಟ್ಟಿಗೆ ಸಾವಿರಾರು ರೂಪಾಯಿ ಬೀಳುವುದು. ಪೆಟ್ಟಿಗೆ ಅಂಗಡಿಗೆ ಬಂದು, ಕಂಡವರು ಒಳ್ಳೆಯದೆಂದ ಮೇಲೆ ಕೊಂಡರಾಯಿತು. ಊಹೆಗೆ ಮುಂಗಡ ಕೊಡುವುದು ಬೇಡ. ಎಲ್ಲರೂ ಒಂದೊಂದನ್ನು ಕೊಳ್ಳುವ ಬದಲು ನಾಲ್ವರು ಕೂಡಿ ಒಂದನ್ನು ತಂದು ಭಾನುವಾರಗಳಂದು ಜೋಡಿಸಿದರೆ ಖರ್ಚೂ ಹಂಚುವುದು, ಕೈಯೂ ಪಳಗುವುದು.

ಆ ತರುಣನು ಫೋಟೋ ಕಳಿಸಲಿಲ್ಲ. ಮರುವಾರ ಬಂದು, ಮೆರವಣಿಗೆಯ ಚಿತ್ರವೊಂದರಿಂದ ಗಾಲಿಗಳ ಅಂತರವನ್ನು ಅಡಿಪಟ್ಟಿಯಿಂದ ಅಳೆದು, ೧೨ ಮೀಟರಿನ ಉದ್ದಕ್ಕೆ ಹೋಲಿಸಿ ತ್ರೈರಾಶಿ ಹಾಕಿ ಕಾಗದದ ಮೇಲೆ ವಜ್ರದ ಪಕ್ಕನೋಟವನ್ನು ಬರೆದು ತೋರಿಸಿದನು. ಎಷ್ಟರಮಟ್ಟಿಗೆ ಸರಿಯೆಂದು ನಾವು ಹೇಳಲಾರೆವು. ಆದರೆ ಶಾಲೆಯಲ್ಲಿ ಬಿಟ್ಟುಹೋಗಿದ್ದ ಲೆಕ್ಕ ಅವನಿಗೆ ಮರಳಿ ಬಂದಿದೆ. ಆ ಕಾಗದವನ್ನು ವಾಚನಾಲಯದ ಫಲಕಕ್ಕೆ ಚುಚ್ಚಿದ್ದೇವೆ. ಬಂದವರು ನೋಡಬಹುದು, ತಪ್ಪು ಕಂಡರೆ ಪೆನ್ಸಿಲಿನಿಂದ ಗುರುತು ಹಾಕಬಹುದು.