ಕೊಳೆತ ಬದನೆಕಾಯಿಯೂ ಕಾಲೇಜಿನ ಪಾಠವೂ

ಲೋಲಕವನ್ನು ತೂಗಾಡಿಸಿ ಗುರುತ್ವದ ವೇಗೋತ್ಕರ್ಷವನ್ನು ಅಳೆಯದೆ ವಿಜ್ಞಾನದ ತರಗತಿಯನ್ನು ದಾಟಿದವರು ವಿರಳ. ಉತ್ತರ 980ರ ಆಸುಪಾಸಿನಲ್ಲಿ ಬರಬೇಕೆಂಬುದು ಪ್ರಯೋಗಕ್ಕೆ ಮೊದಲೇ ನಮಗೆಲ್ಲ ಗೊತ್ತು. ಎಣಿಕೆ ತಪ್ಪಿ 910 ಬಂದರೆ ಏನು ಮಾಡುತ್ತೇವೆ? ಹಿಂದುಮುಂದಾಗಿ ಲೆಕ್ಕ ಹಾಕಿ, ಆಂದೋಲನದ ಕಾಲವನ್ನು ಕೊಂಚ ತಿದ್ದಿ, ದಾಖಲೆಯ ಪುಸ್ತಕವನ್ನು ಅಂದಗೊಳಿಸುತ್ತೇವೆ! ಕೈ ಪಳಗಲು ಇಂಥ ಪ್ರಯೋಗಗಳು ಬೇಕೇ ಬೇಕು. ಆದರೆ ಇವುಗಳಲ್ಲಿ ಪ್ರಕೃತಿಯನ್ನು ನಿಜವಾಗಿ ಪ್ರಶ್ನಿಸುವ ಸಂದರ್ಭವೇ ಒದಗುವುದಿಲ್ಲ.

ಉಪಾಧ್ಯಾಯರಿಗೂ ಉತ್ತರ ತಿಳಿಯದ ಪ್ರಯೋಗವನ್ನು ಪದವಿಯ ಮೊದಲ ವರ್ಷದಲ್ಲಿಯೇ ಮಾಡಿಸಲಾದೀತೆ? ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾನಿಲಯದ ಗ್ರಹಾಮ್ ಹ್ಯಾಟ್‌ಫುಲ್ ಇದಕ್ಕೆ ತಕ್ಕ ವಸ್ತುವೊಂದನ್ನು ಆರಿಸಿಕೊಂಡರು. ಹೊವರ್ಡ್ ಹ್ಯೂಸ್ ವೈದ್ಯಕೀಯ ಸಂಸ್ಥೆಯ ನೆರವಿನಿಂದ 2008ರಲ್ಲಿ ಆರಂಭವಾದ 'ಸೀ-ಫೇಜಸ್' ಎಂಬ ಪಾಠಕ್ರಮ ಮುಂದೆ ನೂರಕ್ಕೂ ಹೆಚ್ಚು ಕಾಲೇಜುಗಳಿಗೆ ಹರಡಿತು.

ಫೇಜ್ ಎಂದರೆ ಬ್ಯಾಕ್ಟೀರಿಯದೊಳಕ್ಕೆ ಹೊಕ್ಕು ವೃದ್ಧಿಯಾಗುವ ವೈರಸ್. ಚಿಟಿಕೆ ಮಣ್ಣಿನಲ್ಲಿ ಇವು ಲೆಕ್ಕವಿಲ್ಲದಷ್ಟಿವೆ. ಇವುಗಳ ವೈವಿಧ್ಯವಾದರೋ ಎಷ್ಟೆಂದರೆ, ಇಂದು ಹಿಡಿದ ಫೇಜನ್ನು ಹಿಂದೆ ಯಾರೂ ಕಂಡಿರಲಾರರು ಎಂಬ ಸಂಭವವೇ ಹೆಚ್ಚು. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಬೇಟೆಯ ಕಾಡು ಇನ್ನೆಲ್ಲಿ ದೊರೆತೀತು?

ವಿದ್ಯಾರ್ಥಿ ತನ್ನ ಮನೆಯ ಹಿತ್ತಿಲಿನಿಂದಲೋ ಆಟದ ಬಯಲಿನಿಂದಲೋ ಹಿಡಿ ಮಣ್ಣನ್ನು ತರುತ್ತಾನೆ. ಅದನ್ನು ದ್ರವದಲ್ಲಿ ಕದಡಿ, ಬ್ಯಾಕ್ಟೀರಿಯ ನುಸುಳಲಾರದಷ್ಟು ಕಿರಿದಾದ ರಂಧ್ರಗಳ ಶೋಧಕದ ಮೂಲಕ ಸೋಸುತ್ತಾನೆ. ಸೋಸಿ ಬಂದ ದ್ರವವನ್ನು ಮೈಕೋಬ್ಯಾಕ್ಟೀರಿಯಂ ಸ್ಮೆಗ್ಮಾಟಿಸ್ ಎಂಬ ಬ್ಯಾಕ್ಟೀರಿಯದೊಡನೆ ಬೆರೆಸಿ, ಅಗರ್ ತಟ್ಟೆಯ ಮೇಲೆ ಹರಡಿ, ಬೆಚ್ಚಗೆ ಇಡುತ್ತಾನೆ. ಇದು ಕ್ಷಯದ ಬ್ಯಾಕ್ಟೀರಿಯದ ದಾಯಾದಿ; ಆದರೆ ಅದರಷ್ಟು ಅಪಾಯಕಾರಿಯಲ್ಲ, ಬೇಗ ಬೆಳೆಯುತ್ತದೆ. ಒಂದೆರಡು ದಿನಗಳಲ್ಲಿ ತಟ್ಟೆಯ ತುಂಬ ಮಸುಕಾದ ಪದರ ಕಟ್ಟುತ್ತದೆ. ಆ ಪದರದ ನಡುವೆ ಅಲ್ಲಲ್ಲಿ ತಿಳಿಯಾದ ಚುಕ್ಕೆ ಕಂಡಿತೋ, ಅಲ್ಲಿ ಫೇಜು ಬ್ಯಾಕ್ಟೀರಿಯವನ್ನು ಕೊಂದಿದೆ ಎಂದರ್ಥ. ಮುಂದೆ ಆ ಫೇಜನ್ನು ಶುದ್ಧಗೊಳಿಸಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದರ ಚಿತ್ರ ತೆಗೆದು, ಡಿಎನ್‌ಎಯನ್ನು ಓದುತ್ತಾರೆ. ಹೆಸರಿಡುವ ಹಕ್ಕು ಹಿಡಿದವನದೇ!

ತೊಡಕುಗಳಿಲ್ಲವೆಂದಲ್ಲ. ವೆಚ್ಚ ಹೆಚ್ಚು. ಎಷ್ಟೋ ತಟ್ಟೆಗಳಲ್ಲಿ ಒಂದು ಚುಕ್ಕೆಯೂ ಮೂಡುವುದಿಲ್ಲ. ಫೇಜು ಸಿಗದವನಿಗೆ ಅಂಕ ಕೊಡುವ ಬಗೆ ಹೇಗೆ? ದೊರೆತ ಫಲಕ್ಕಿಂತ ನಡೆಸಿದ ಕೆಲಸವನ್ನೂ ಬರೆದಿಟ್ಟ ದಾಖಲೆಯನ್ನೂ ನೋಡಿ ಬೆಲೆ ಕಟ್ಟುವುದೇ ನ್ಯಾಯವೆಂದು ನಮಗೆ ತೋರುತ್ತದೆ. ಅಲ್ಲಿ 910 ಬಂದರೆ 910 ಎಂದೇ ಬರೆಯಬೇಕು.

ಇಂಥದೇ ಪಾಠವೊಂದು ದಕ್ಷಿಣ ಆಫ್ರಿಕದ ಡರ್ಬನ್ ನಗರದಲ್ಲಿಯೂ ನಡೆಯಿತು. 2010ರಲ್ಲಿ ಅಲ್ಲಿನ ವಿದ್ಯಾರ್ಥಿನಿಯೊಬ್ಬಳು ಕೊಳೆಯುತ್ತಿದ್ದ ಬದನೆಕಾಯಿಯಿಂದ ಫೇಜೊಂದನ್ನು ಹಿಡಿದು 'ಮಡ್ಡಿ' ಎಂದು ಹೆಸರಿಟ್ಟಳು. ಇಂಗ್ಲಿಷಿನಲ್ಲಿ ಅದಕ್ಕೆ ಕೆಸರಿನದು ಎಂಬ ಅರ್ಥ. ಕನ್ನಡದಲ್ಲಿಯೂ ಒಪ್ಪದ ಹೆಸರೇನಲ್ಲ. ಪಿಟ್ಸ್‌ಬರ್ಗಿನ ಶೀತಪೆಟ್ಟಿಗೆಗಳಲ್ಲಿ ಶೇಖರವಾಗಿದ್ದ ಹತ್ತು ಸಾವಿರಕ್ಕೂ ಮಿಕ್ಕ ಫೇಜುಗಳ ಸಾಲಿಗೆ ಅದೂ ಸೇರಿತು.

2017ರಲ್ಲಿ ಲಂಡನ್ನಿನಿಂದ ಹ್ಯಾಟ್‌ಫುಲ್ ಅವರಿಗೊಂದು ಮೊರೆ ಬಂದಿತು. ಶ್ವಾಸಕೋಶಗಳನ್ನು ಬದಲಿಸಿಕೊಂಡಿದ್ದ ಇಬ್ಬರು ಎಳೆಯ ರೋಗಿಗಳ ದೇಹದಲ್ಲಿ ಕ್ಷಯದ ಇನ್ನೊಂದು ದಾಯಾದಿ, ಮೈಕೋಬ್ಯಾಕ್ಟೀರಿಯಂ ಆಬ್ಸೆಸಸ್, ಬೇರೂರಿತ್ತು. ಔಷಧಗಳು ಸೋತಿದ್ದವು. ತಕ್ಕ ಫೇಜು ದೊರೆಯುವ ಮೊದಲೇ ಒಬ್ಬ ರೋಗಿ ತೀರಿಕೊಂಡನು. ಇನ್ನೊಬ್ಬಳು 15 ವರ್ಷದ ಹುಡುಗಿ. ಆಕೆಯನ್ನು ಕಾಡುತ್ತಿದ್ದ ಬ್ಯಾಕ್ಟೀರಿಯದ ಮೇಲೆ ಪರೀಕ್ಷಿಸಿ ನೋಡಿದಾಗ, ಅಷ್ಟು ದೊಡ್ಡ ಸಂಗ್ರಹದಲ್ಲಿ ಕೆಲಸಕ್ಕೆ ಬಂದ ಫೇಜುಗಳು ಮೂರೇ ಮೂರು.

2018ರ ಜೂನ್‌ನಿಂದ ದಿನಕ್ಕೆರಡು ಬಾರಿ ಅವುಗಳ ಮಿಶ್ರಣವನ್ನು ಆಕೆಯ ರಕ್ತನಾಳಕ್ಕೆ ಹರಿಸಿದರು. ತಿಂಗಳುಗಳು ಕಳೆದಂತೆ ಗಾಯ ಮಾಗಿತು, ಯಕೃತ್ತಿನ ಕೆಲಸ ಸುಧಾರಿಸಿತು. ಮರುವರ್ಷ ವರದಿ ಪ್ರಕಟವಾದಾಗಲೂ ಸೋಂಕು ಪೂರ್ಣವಾಗಿ ಅಳಿದಿರಲಿಲ್ಲ. ಒಬ್ಬ ರೋಗಿಯ ಅನುಭವದಿಂದ ಚಿಕಿತ್ಸೆಯ ಬಗ್ಗೆ ದೊಡ್ಡ ಮಾತನಾಡಲೂ ಬಾರದು.

ಆ ಮೂರರಲ್ಲಿ ಎರಡು ಫೇಜುಗಳು ಬ್ಯಾಕ್ಟೀರಿಯವನ್ನು ಕೊಲ್ಲದೆ ಅದರೊಳಗೆ ಅಡಗಿ ಕೂಡಬಲ್ಲವಾಗಿದ್ದವು. ಅವುಗಳಿಂದ ಆ ಗುಣದ ಜೀನನ್ನು ಕತ್ತರಿಸಿ ತೆಗೆಯಬೇಕಾಯಿತು. ಮಡ್ಡಿಗೆ ಅಂಥ ಯಾವ ತಿದ್ದುಪಡಿಯೂ ಬೇಕಾಗಲಿಲ್ಲ.