ಎರಡು ಹೊಳೆಗಳು ಕೂಡುವ ಊರು

ಹಿರಿಯೂರು ಸೀಮೆಯ ಯಲ್ಲದಕೆರೆಯಂತಹ ಊರಿನಲ್ಲಿ ಹುಟ್ಟಿ ಬೆಳೆದವನು ಆಷಾಢಮಾಸದ ಒಂದು ಬೆಳಗ್ಗೆ ಮಂಗಳೂರಿನಲ್ಲಿ ಬಸ್ಸಿನಿಂದ ಇಳಿದರೆ, ಅವನನ್ನು ಮೊದಲು ಎದುರುಗೊಳ್ಳುವುದು ಮಳೆ. ಸಮುದ್ರದರ್ಶನ ಆಮೇಲಿನ ಮಾತು. ಅವನ ಊರಿನಲ್ಲಿ ವರ್ಷವಿಡೀ ಬೀಳುವ ಮಳೆ ಆರುನೂರು ಮಿಲಿಮೀಟರಿನ ಆಸುಪಾಸು. ಮಂಗಳೂರಿನಲ್ಲಿ ಬೀಳುವುದು ಮೂರೂವರೆ ಸಾವಿರಕ್ಕೂ ಮಿಕ್ಕಿ. ಒಂದು ಮೋಡ ಕಂಡರೆ ಮನೆಮಂದಿಯೆಲ್ಲ ಅಂಗಳಕ್ಕೆ ಬಂದು ಆಕಾಶ ನೋಡುವ ನಾಡಿನವನಿಗೆ, ಮುಗಿಲು ಹರಿದು ಸುರಿಯುತ್ತಿದ್ದರೂ ಕೊಡೆ ಬಿಚ್ಚಿಕೊಂಡು ನಿಶ್ಚಿಂತೆಯಾಗಿ ಕಚೇರಿಗೆ ನಡೆಯುವ ಜನರನ್ನು ಕಂಡು ವಿಸ್ಮಯವಾಗುವುದು ಸಹಜ. ಊರಿನ ಹೆಸರಿನಲ್ಲಿಯೇ ಕೆರೆಯನ್ನು ಇಟ್ಟುಕೊಂಡವರು ನೀರನ್ನು ಕೂಡಿಡುವ ಜನ. ಕರಾವಳಿಯವರು ನೀರಿಗೆ ದಾರಿ ಬಿಡುವ ಜನ. ಈ ಎರಡು ಸೀಮೆಗಳ ನಡುವೆ ಸಹ್ಯಾದ್ರಿ ಗೋಡೆಯಂತೆ ನಿಂತಿದೆ.

ಆ ಗೋಡೆಯನ್ನು ದಾಟುವ ದಾರಿಗಳೇನೂ ಇಲ್ಲದಿಲ್ಲ. ಬಹುಕಾಲ ೧೩ನೆಯ ಸಂಖ್ಯೆಯ ಹೆದ್ದಾರಿಯೆಂದು ಹೆಸರಾಗಿದ್ದ ಸೊಲ್ಲಾಪುರ–ಮಂಗಳೂರು ಮಾರ್ಗವು ಚಿತ್ರದುರ್ಗ, ಹೊಳಲ್ಕೆರೆಗಳನ್ನು ಹಾದು, ಶಿವಮೊಗ್ಗ, ತೀರ್ಥಹಳ್ಳಿಗಳ ಮೇಲೆ ಘಟ್ಟವಿಳಿದು, ಕಾರ್ಕಳ, ಮೂಡುಬಿದಿರೆಗಳ ಮೂಲಕ ಕಡಲನ್ನು ಸೇರುತ್ತದೆ. ಒಣಭೂಮಿಯಿಂದ ಹೊರಟ ಪ್ರಯಾಣಿಕನು ಒಂದೇ ದಿನದಲ್ಲಿ ರಾಗಿಯ ಹೊಲ, ಅಡಕೆಯ ತೋಟ, ಮಲೆನಾಡಿನ ಕಾಡು, ಕರಾವಳಿಯ ತೆಂಗು ಇವೆಲ್ಲವನ್ನೂ ಕಾಣುತ್ತಾನೆ. ದಾರಿಯ ಕೊನೆಯಲ್ಲಿ ಕೆಂಪು ಹಂಚಿನ ಮಾಡುಗಳ ನಡುವೆ ಎತ್ತರದ ಕಟ್ಟಡಗಳು ತಲೆಯೆತ್ತಿರುವ ಮಂಗಳೂರು ಅವನನ್ನು ಕಾದಿರುತ್ತದೆ.

ಕೂಡಲ ಎಂಬ ಕುಡ್ಲ

ಪಶ್ಚಿಮಘಟ್ಟದಲ್ಲಿ ಹುಟ್ಟಿದ ನೇತ್ರಾವತಿಯು ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಬಂಟವಾಳವನ್ನು ಹಾದು ಮಂಗಳೂರಿನ ದಕ್ಷಿಣಕ್ಕೆ ಬರುತ್ತಾಳೆ. ಫಲ್ಗುಣಿಯೆಂದೂ ಕರೆಯಲ್ಪಡುವ ಗುರುಪುರ ಹೊಳೆಯು ಉತ್ತರದಿಂದ ಇಳಿದು, ಕಡಲಿಗೂ ತನಗೂ ನಡುವೆ ಬೆಂಗ್ರೆಯ ಉದ್ದನೆಯ ಮರಳುಪಟ್ಟಿಯನ್ನು ಉಳಿಸಿಕೊಂಡು, ದಡದ ಗುಂಟ ಹರಿದು ಅವಳನ್ನು ಸೇರುತ್ತದೆ. ಎರಡೂ ಹೊಳೆಗಳು ಕೂಡಿ ಸಮುದ್ರಕ್ಕೆ ಬೀಳುವ ಜಾಗಕ್ಕೆ ಜನ ಅಳಿವೆಬಾಗಿಲು ಎನ್ನುತ್ತಾರೆ. ತುಳುವಿನ ‘ಕುಡ್ಲ’ ಎಂಬ ಹೆಸರು ಈ ಕೂಡಲದಿಂದಲೇ ಬಂದಿತೆಂದು ಹೇಳುವುದುಂಟು. ಕೊಂಕಣಿಯವರಿಗೆ ಈ ಊರು ‘ಕೊಡಿಯಾಲ’, ಬ್ಯಾರಿಗಳಿಗೆ ‘ಮೈಕಾಲ’, ಮಲಯಾಳಿಗಳಿಗೆ ‘ಮಂಗಲಾಪುರಂ’. ಬೋಳಾರದ ಮಂಗಳಾದೇವಿಯ ಹೆಸರಿನಿಂದ ಕನ್ನಡದ ‘ಮಂಗಳೂರು’ ಬಂದಿತೆಂಬುದು ಜನಜನಿತವಾದ ನಂಬಿಕೆ. ಇಂಗ್ಲಿಷರ ಬಾಯಲ್ಲಿ ರೂಪಗೆಟ್ಟಿದ್ದ ಆ ಹೆಸರು ಸರ್ಕಾರಿ ಕಾಗದಗಳಲ್ಲಿ ಸ್ವರೂಪಕ್ಕೆ ಮರಳಿದ್ದು ೨೦೧೪ರ ನವೆಂಬರ್ ೧ರಂದು. ಒಂದು ಊರಿಗೆ ಇಷ್ಟು ಹೆಸರುಗಳಿದ್ದರೂ ಅದಕ್ಕಾಗಿ ಜಗಳವಿಲ್ಲ. ಅಂಗಡಿಯಲ್ಲಿ ಒಂದು ಭಾಷೆ, ಮನೆಯಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು ಆಡುವುದು ಇಲ್ಲಿನವರಿಗೆ ಉಸಿರಾಟದಷ್ಟು ಸುಲಭ.

ಊರು ಸಮತಟ್ಟಾದುದಲ್ಲ. ಮುರಕಲ್ಲಿನ ಗುಡ್ಡಗಳು, ಅವುಗಳ ನಡುವೆ ತಗ್ಗುಗಳು, ತಗ್ಗುಗಳಲ್ಲಿ ಹಿಂದೆ ಭತ್ತದ ಗದ್ದೆಗಳು—ಇದು ಮಂಗಳೂರಿನ ಮೂಲ ಆಕಾರ. ಹೊಸದಾಗಿ ಬಂದವನು ಬಂದರಿನಿಂದ ಕದ್ರಿಯವರೆಗೆ ಕಾಲ್ನಡಿಗೆಯಲ್ಲಿ ಹೊರಟರೆ ಈ ಏರಿಳಿತಗಳ ಪರಿಚಯ ಅವನ ಮೊಣಕಾಲಿಗೇ ಆಗುತ್ತದೆ.

ಕಡಲಾಚೆಯ ನೆಂಟರು

ಇಲ್ಲಿ ಆಳಿದ ಅತ್ಯಂತ ಹಳೆಯ ಅರಸುಮನೆತನಗಳಲ್ಲಿ ಆಳುಪರದು ಅಗ್ರಸ್ಥಾನ. ಕದ್ರಿಯ ಮಂಜುನಾಥ ದೇವಾಲಯದಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹವು ಅವರ ಕಾಲದ ಸಾಕ್ಷಿ. ಕದರಿಕಾ ವಿಹಾರದಲ್ಲಿ ಅದನ್ನು ಸ್ಥಾಪಿಸಿದವನು ಕುಂದವರ್ಮನೆಂದು ಪೀಠದ ಬರೆಹ ಹೇಳುತ್ತದೆ; ಕಾಲ ಕ್ರಿ.ಶ. ೯೬೮. ಬೌದ್ಧ ವಿಹಾರದ ನೆನಪು, ನಾಥಪಂಥದ ಮಠ, ಶಿವನ ಗುಡಿ—ಮೂರೂ ಒಂದೇ ಗುಡ್ಡದಲ್ಲಿ ನೆಲೆಗೊಂಡಿವೆ.

ಹನ್ನೆರಡನೆಯ ಶತಮಾನದ ಮಂಗಳೂರಿನ ಬಾಳು ಹೇಗಿತ್ತೆಂಬುದನ್ನು ತಿಳಿಸುವ ಕಾಗದಗಳು ದೊರೆತದ್ದು ಬಹು ದೂರದ ಈಜಿಪ್ಟಿನಲ್ಲಿ. ಕೈರೋ ನಗರದ ಹಳೆಯ ಯೆಹೂದಿ ಪ್ರಾರ್ಥನಾಮಂದಿರದಲ್ಲಿ ಶತಮಾನಗಳಿಂದ ಕೂಡಿಬಿದ್ದಿದ್ದ ಪತ್ರಗಳ ರಾಶಿಯಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ವರ್ತಕನ ಕಾಗದಗಳೂ ಇದ್ದುವು. ಟುನೀಸಿಯಾ ಮೂಲದ ಈತನು ೧೧೩೨ರಿಂದ ೧೧೪೯ರವರೆಗೆ, ಅಂದರೆ ಸುಮಾರು ಹದಿನೇಳು ವರ್ಷ, ಈ ಕರಾವಳಿಯಲ್ಲಿ ನೆಲೆಸಿ ವ್ಯಾಪಾರ ಮಾಡಿದನು. ಹಿತ್ತಾಳೆ, ಕಂಚಿನ ಪಾತ್ರೆಗಳನ್ನು ಮಾಡಿಸುವ ಕಾರ್ಖಾನೆಯನ್ನೂ ನಡೆಸಿದನು. ಇಲ್ಲಿಂದ ಮೆಣಸು, ಅಡಕೆ, ಕಬ್ಬಿಣ ಏಡನ್ನಿಗೆ ಹೋದರೆ, ಅಲ್ಲಿನ ಗೆಳೆಯರು ಅವನಿಗೆ ಬರೆಯುವ ಕಾಗದ, ಸಕ್ಕರೆ, ಒಣದ್ರಾಕ್ಷಿಗಳನ್ನು ಕಳುಹಿಸುತ್ತಿದ್ದರು. ಅವನ ಸೇವಕನ ಹೆಸರು ಬೊಮ್ಮ. ಯಜಮಾನನ ಪರವಾಗಿ ಏಡನ್ನಿನವರೆಗೂ ಹೋಗಿಬರುತ್ತಿದ್ದ ಈ ಬೊಮ್ಮನಿಗೂ ಆ ಪತ್ರಗಳಲ್ಲಿ ಕುಶಲಪ್ರಶ್ನೆ ಸಲ್ಲುತ್ತಿತ್ತು. ಅಮಿತಾವ್ ಘೋಷ್ ಅವರು ತಮ್ಮ ೧೯೯೨ರ ಗ್ರಂಥವೊಂದರಲ್ಲಿ ಈ ಕಥೆಯನ್ನು ಲೋಕಕ್ಕೆ ಪರಿಚಯಿಸಿದರು. ಅರಸರ ಶಾಸನಗಳಲ್ಲಿ ಎಡೆ ಸಿಗದ ಒಬ್ಬ ಸಾಮಾನ್ಯನ ಹೆಸರನ್ನು ಕಡಲಾಚೆಯ ವ್ಯಾಪಾರದ ಚೀಟಿಗಳು ಉಳಿಸಿಕೊಟ್ಟದ್ದು ಚರಿತ್ರೆಯ ಒಂದು ಸೋಜಿಗವೇ ಸರಿ.

೧೩೪೨ರ ಸುಮಾರಿಗೆ ಬಂದ ಅರಬ್ಬಿ ಪ್ರವಾಸಿ ಇಬ್ನ್ ಬತೂತನೂ ಪರ್ಷಿಯಾ, ಯೆಮನ್ ದೇಶಗಳ ವರ್ತಕರು ಇಲ್ಲಿ ಇಳಿಯುವುದನ್ನೂ ಮೆಣಸು, ಶುಂಠಿಗಳ ಸಮೃದ್ಧಿಯನ್ನೂ ಬರೆದಿಟ್ಟಿದ್ದಾನೆ.

ಮೆಣಸಿನ ಪರಿಮಳವು ನೆಂಟರನ್ನು ಮಾತ್ರವಲ್ಲದೆ ಹಗೆಗಳನ್ನೂ ಕರೆತಂದಿತು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಊರಿನ ಮೇಲೆ ಮತ್ತೆ ಮತ್ತೆ ಎರಗಿ, ೧೫೬೮ರಲ್ಲಿ ಇಲ್ಲಿ ಕೋಟೆ ಕಟ್ಟಿದರು. ನೇತ್ರಾವತಿಯ ಆಚೆಯ ದಡದ ಉಳ್ಳಾಲದಲ್ಲಿ ಚೌಟವಂಶದ ರಾಣಿ ಅಬ್ಬಕ್ಕ ಅವರಿಗೆ ಮಣಿಯದೆ ನಿಂತಳು. ೧೬೨೩ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಉಳ್ಳಾಲದ ಅಂದಿನ ರಾಣಿಯನ್ನು ಕಂಡನು. ಆಡಂಬರವಿಲ್ಲದ ಉಡುಗೆಯಲ್ಲಿ, ನೆಲ ಅಗೆಸುವ ಕೆಲಸವನ್ನು ನೋಡಲು ತಾನೇ ನಡೆದುಬಂದಿದ್ದ ಆ ಒಡತಿಯ ಸರಳತೆ ಅವನನ್ನು ಅಚ್ಚರಿಗೊಳಿಸಿತು.

ಕೋಟೆ, ಕರಾರು, ಸೆರೆ

ಕೆಳದಿಯ ನಾಯಕರ ಕೈಯಲ್ಲಿದ್ದ ಮಂಗಳೂರು, ೧೭೬೩ರಲ್ಲಿ ಬಿದನೂರು ಬಿದ್ದಾಗ ಹೈದರಾಲಿಯ ವಶವಾಯಿತು. ಘಟ್ಟದ ಮೇಲಿನ ಮೈಸೂರಿಗೆ ಕಡಲಿನ ಬಾಗಿಲು ಬೇಕಾಗಿತ್ತು. ಆ ಬಾಗಿಲನ್ನು ಮುಚ್ಚುವುದು ಇಂಗ್ಲಿಷರಿಗೆ ಬೇಕಾಗಿತ್ತು. ೧೭೮೩ರಲ್ಲಿ ಇಂಗ್ಲಿಷರು ಕೋಟೆಯನ್ನು ಹಿಡಿದರು. ಟಿಪ್ಪು ಸುಲ್ತಾನನು ತಿಂಗಳುಗಟ್ಟಲೆ ಮುತ್ತಿಗೆ ಹಾಕಿ, ೧೭೮೪ರ ಜನವರಿಯಲ್ಲಿ ಅದನ್ನು ಮರಳಿ ಪಡೆದನು. ಮಾರ್ಚ್ ೧೧ರಂದು ಮಂಗಳೂರು ಒಪ್ಪಂದವಾಗಿ, ಗೆದ್ದ ನೆಲಗಳನ್ನು ಉಭಯ ಪಕ್ಷದವರೂ ಹಿಂದಿರುಗಿಸಿದರು. ಬೋಳೂರಿನ ಹೊಳೆಯ ದಂಡೆಯಲ್ಲಿ ಕಪ್ಪುಕಲ್ಲಿನ ಸುಲ್ತಾನ್ ಬತ್ತೇರಿ ಆ ದಿನಗಳ ಕುರುಹಾಗಿ ನಿಂತಿದೆ.

ಅದೇ ವರ್ಷ ಕರಾವಳಿಯ ಸಹಸ್ರಾರು ಕ್ರೈಸ್ತ ಕುಟುಂಬಗಳು, ಇಂಗ್ಲಿಷರಿಗೆ ನೆರವಾದರೆಂಬ ಸಂಶಯಕ್ಕೆ ಗುರಿಯಾಗಿ, ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಘಟ್ಟವೇರಿದುವು. ಬದುಕಿ ಉಳಿದವರು ಊರಿಗೆ ಮರಳಿ ನೆಲೆಗೊಂಡದ್ದು ಬಹುಮಟ್ಟಿಗೆ ೧೭೯೯ರ ನಂತರ. ಆ ಮನೆಗಳಲ್ಲಿ ಅದರ ನೆನಪು ತಲೆಮಾರುಗಳನ್ನು ದಾಟಿ ಬಂದಿದೆ. ಕಂಪನಿಯ ಆಡಳಿತವೂ ಸುಖವನ್ನು ತರಲಿಲ್ಲ. ೧೮೩೭ರ ಏಪ್ರಿಲಿನಲ್ಲಿ ಸುಳ್ಯದ ಕಡೆಯಿಂದ ಹೊರಟ ರೈತರ ದಂಡು ಮಂಗಳೂರನ್ನು ವಶಪಡಿಸಿಕೊಂಡು, ಬಾವುಟಗುಡ್ಡೆಯ ಮೇಲೆ ತನ್ನ ಬಾವುಟವನ್ನು ಏರಿಸಿತು. ಸುಮಾರು ಎರಡು ವಾರಗಳಲ್ಲಿಯೇ ದಂಗೆ ಅಡಗಿತು, ನಾಯಕರು ಗಲ್ಲಿಗೇರಿದರು.

ಅಚ್ಚು ಮತ್ತು ಹಂಚು

೧೮೩೪ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಗಳು ಇಲ್ಲಿಗೆ ಬಂದರು. ಧರ್ಮಪ್ರಚಾರಕ್ಕೆಂದು ಬಂದವರಿಂದ ಕನ್ನಡಕ್ಕೆ ಆದ ಉಪಕಾರ ದೊಡ್ಡದು. ೧೮೪೩ರ ಜುಲೈ ೧ರಂದು ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಹೊರಬಂದಿತು. ಇದೇ ಕನ್ನಡದ ಮೊದಲ ವೃತ್ತಪತ್ರಿಕೆ. ಕಿಟ್ಟೆಲರ ಮಹಾನಿಘಂಟು ೧೮೯೪ರಲ್ಲಿ ಅಚ್ಚಾದದ್ದೂ ಇದೇ ಊರಿನ ಮಿಷನ್ ಮುದ್ರಣಾಲಯದಲ್ಲಿ. ಇಂದು ವಾಚಕರು ಬೆಳಗಿನ ಕಾಫಿಯೊಂದಿಗೆ ಬಿಚ್ಚುವ ಪ್ರತಿಯೊಂದು ಕನ್ನಡ ಪತ್ರಿಕೆಯ ವಂಶವೃಕ್ಷವೂ ಮಂಗಳೂರಿನಲ್ಲಿ ಬೇರೂರಿದೆ.

ಹಂಚಿನ ಕಥೆಯೂ ಅಷ್ಟೇ ಸ್ವಾರಸ್ಯವಾದುದು. ೧೮೬೫ರಲ್ಲಿ ಪ್ಲೆಬ್ಸ್ಟ್ ಎಂಬವರು ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಮಿಷನ್ನಿನ ಮೊದಲ ಹಂಚಿನ ಕಾರ್ಖಾನೆಯನ್ನು ತೆರೆದರು. ಹೊಳೆಗಳು ಯುಗಯುಗಗಳಿಂದ ತಂದು ಹಾಕಿದ ಜೇಡಿಮಣ್ಣು, ಘಟ್ಟದ ಕಾಡಿನ ಸೌದೆ, ಬಾಗಿಲಲ್ಲೇ ಬಂದರು—ಮೂರೂ ಒಂದೆಡೆ ಕೂಡಿದುವು. ‘ಮಂಗಳೂರು ಹಂಚು’ ಹಡಗನ್ನೇರಿ ಪರದೇಶಗಳಿಗೆ ಹೋಯಿತು. ಘಟ್ಟವನ್ನೇರಿ ಬಯಲುಸೀಮೆಯ ಮಣ್ಣಿನ ಮಾಳಿಗೆಗಳ ನಡುವೆಯೂ ಕೆಂಪಾಗಿ ಮಿಂಚಿತು.

೧೮೬೬ರಲ್ಲಿ ಪುರಸಭೆ, ೧೮೮೦ರಲ್ಲಿ ಸಂತ ಅಲೋಶಿಯಸ್ ಕಾಲೇಜು, ೧೯೦೭ರಲ್ಲಿ ದಕ್ಷಿಣದಿಂದ ರೈಲು, ಹೀಗೆ ಊರು ಬೆಳೆಯಿತು. ಕುದ್ಮುಲ್ ರಂಗರಾಯರು ೧೮೯೭ರಲ್ಲಿ ದಲಿತರ ಉದ್ಧಾರಕ್ಕಾಗಿ ಸಂಸ್ಥೆಯನ್ನು ಕಟ್ಟಿ, ಸ್ವಜಾತಿಯವರ ಬಹಿಷ್ಕಾರವನ್ನೂ ಸಹಿಸಿ ದುಡಿದರು. ಅಮ್ಮೆಂಬಳ ಸುಬ್ಬರಾವ್ ಪೈ ಅವರು ೧೯೦೬ರಲ್ಲಿ ಸ್ಥಾಪಿಸಿದ ನಿಧಿಯೇ ಕೆನರಾ ಬ್ಯಾಂಕಾಯಿತು. ೧೯೨೪ರಲ್ಲಿ ಕರ್ಣಾಟಕ ಬ್ಯಾಂಕ್, ೧೯೩೧ರಲ್ಲಿ ವಿಜಯಾ ಬ್ಯಾಂಕ್ ಇಲ್ಲಿಯೇ ಹುಟ್ಟಿದುವು. ವಿಜಯಾ ಬ್ಯಾಂಕು ೨೦೧೯ರಲ್ಲಿ ಬರೋಡಾ ಬ್ಯಾಂಕಿನಲ್ಲಿ ವಿಲೀನವಾದಾಗ ಊರಿನ ಹಿರಿಯರು ಮನೆಯ ಮಗಳ ಹೆಸರು ಅಳಿದಂತೆ ನೊಂದುಕೊಂಡರು.

ಬಂದರು ದೂರ ಸರಿದದ್ದು

ಊರನ್ನು ಬೆಳೆಸಿದ ಹೊಳೆಗಳೇ ಅದರ ಬಂದರಿಗೆ ಅಡ್ಡಿಯೂ ಆದುವು. ಪ್ರತಿ ಮಳೆಗಾಲ ಅವು ಹೊತ್ತು ತರುವ ಮಣ್ಣು, ಮರಳು ಅಳಿವೆಯ ಬಾಯಲ್ಲಿ ದಿಬ್ಬವಾಗಿ ನಿಲ್ಲುತ್ತದೆ. ಮಂಜಿಗಳಂತಹ ಸಣ್ಣ ಹಡಗುಗಳು ಹಳೆಯ ಬಂದರಿಗೆ ಬರಬಲ್ಲವು. ಹೊಗೆಹಡಗುಗಳು ಮಾತ್ರ ದೂರದ ಕಡಲಲ್ಲಿ ಲಂಗರು ಹಾಕಿ ನಿಲ್ಲಬೇಕಾಗಿತ್ತು. ಸರಕೆಲ್ಲ ದೋಣಿಗಳಲ್ಲಿ ಓಡಾಡಬೇಕಾಗಿತ್ತು. ಮುಂಗಾರು ಹಿಡಿದರೆ ಆ ಓಡಾಟಕ್ಕೂ ತಡೆ. ೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮದರಾಸಿನಿಂದ ಬಿಡಿಸಿಕೊಂಡು ಕನ್ನಡನಾಡನ್ನು ಕೂಡಿದ ಈ ಜಿಲ್ಲೆಗೆ ಸರ್ವಋತು ಬಂದರು ಬೇಕೆಂಬ ಹಂಬಲ ಬಲವಾಯಿತು. ಲೋಕಸಭಾ ಸದಸ್ಯ ಯು. ಶ್ರೀನಿವಾಸ ಮಲ್ಯರು ಅದಕ್ಕಾಗಿ ಹಟ ಹಿಡಿದು ಶ್ರಮಿಸಿದರು. ಹತ್ತು ಕಿಲೋಮೀಟರ್ ಉತ್ತರಕ್ಕೆ, ಪಣಂಬೂರಿನಲ್ಲಿ, ನೆಲವನ್ನು ಅಗೆದು ಕಡಲನ್ನು ಒಳಕ್ಕೆ ಕರೆಯಲಾಯಿತು. ೧೯೭೪ರ ಮೇ ೪ರಂದು ನವಮಂಗಳೂರು ಬಂದರು ದೇಶದ ಒಂಬತ್ತನೆಯ ಪ್ರಧಾನ ಬಂದರಾಯಿತು. ೧೯೭೯ರಲ್ಲಿ ಹಾಸನದಿಂದ ರೈಲು ಘಟ್ಟವಿಳಿದು ಬಂದಿತು.

ಬಂದರಿಗಾಗಿ ಮನೆಮಠ ತೊರೆದ ಪಣಂಬೂರಿನ ಜನ ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ಹೊಸ ಬಾಳು ಕಟ್ಟಬೇಕಾಯಿತು. ದೇಶಕ್ಕೆ ಬಾಗಿಲು ತೆರೆಯಲು ತಮ್ಮ ಹೊಸ್ತಿಲನ್ನು ಬಿಟ್ಟುಕೊಟ್ಟವರು ಅವರು.

ಹಂಚಿಕೊಳ್ಳಬೇಕಾದ ನೀರು

೨೦೧೧ರ ಜನಗಣತಿಯಲ್ಲಿ ನಗರದ ಜನಸಂಖ್ಯೆ ಐದು ಲಕ್ಷದ ಸಮೀಪಕ್ಕೆ ಬಂದಿತ್ತು. ಇಷ್ಟು ಜನ ಕುಡಿಯುವುದು ತುಂಬೆಯಲ್ಲಿ ಕಟ್ಟಿರುವ ಅಣೆಕಟ್ಟಿನ ನೇತ್ರಾವತಿಯ ನೀರನ್ನು. ಇಷ್ಟು ಮಳೆ ಸುರಿಯುವ ಊರಿಗೆ ನೀರಿನ ಬರವೆ ಎಂದು ಬಯಲುಸೀಮೆಯವರು ನಗಬಹುದು. ಆದರೆ ಇಲ್ಲಿನ ಮಳೆಯಲ್ಲಿ ಬಹುಪಾಲು ನಾಲ್ಕು ತಿಂಗಳಲ್ಲಿ ಸುರಿದು, ಇಳಿಜಾರಿನಲ್ಲಿ ಓಡಿ ಕಡಲನ್ನು ಸೇರಿಬಿಡುತ್ತದೆ. ೨೦೧೬ರ ಮತ್ತು ೨೦೧೯ರ ಬೇಸಗೆಗಳಲ್ಲಿ ತುಂಬೆಯ ನೀರು ತಳಕ್ಕಿಳಿದು, ನಗರದಲ್ಲಿ ಸರದಿಯ ಮೇಲೆ ನೀರು ಬಿಡಬೇಕಾಯಿತು. ಕೊಡ ಹಿಡಿದು ಕಾಯುವ ಕಷ್ಟ ಹಿರಿಯೂರಿಗೆ ಹಳೆಯದು. ಮಂಗಳೂರಿಗೆ ಅದು ಹೊಸದು.

ಇತ್ತ ನೇತ್ರಾವತಿ ಕೊಳ್ಳದ ಮೇಲ್ಭಾಗದಲ್ಲಿ, ಸಕಲೇಶಪುರದ ಬಳಿ, ಎತ್ತಿನಹೊಳೆಯ ಮಳೆಗಾಲದ ನೀರನ್ನು ಮೇಲಕ್ಕೆತ್ತಿ ಪೂರ್ವದ ಒಣಜಿಲ್ಲೆಗಳಿಗೆ ಹರಿಸುವ ಯೋಜನೆ ರೂಪುಗೊಂಡಿತು. ಗುರಿ ೨೪ ಟಿ.ಎಂ.ಸಿ. ಅದರ ಮೊದಲ ಹಂತಕ್ಕೆ ೨೦೨೪ರ ಸೆಪ್ಟೆಂಬರ್ ೬ರಂದು ಚಾಲನೆ ದೊರೆಯಿತು. ಮುಂದಿನ ಕಾಲುವೆ ಪೂರ್ಣಗೊಂಡಿರದ ಕಾರಣ, ಎತ್ತಿದ ನೀರನ್ನು ವೇದಾವತಿಯ ಕೊಳ್ಳಕ್ಕೆ ತಿರುಗಿಸಿ, ಹಿರಿಯೂರಿನ ವಾಣಿವಿಲಾಸ ಸಾಗರದ ಕಡೆಗೆ ಬಿಡಲಾಯಿತು. ಮಂಗಳೂರಿಗೆ ರೈಲು ಬಂದ ೧೯೦೭ರಲ್ಲಿಯೇ ಮುಗಿದ ಆ ಮಾರಿಕಣಿವೆಯ ಜಲಾಶಯವು ೧೯೩೩ರಲ್ಲಿ ಒಮ್ಮೆ ತುಂಬಿ ಕೋಡಿ ಹರಿದಿತ್ತು. ಮತ್ತೆ ಕೋಡಿ ಕಾಣಲು ೨೦೨೨ರವರೆಗೆ ಕಾಯಬೇಕಾಯಿತು. ೨೦೨೫ರ ಆರಂಭದಲ್ಲಿ ಅದು ಇನ್ನೊಮ್ಮೆ ತುಂಬಿತು. ಪಡುಗಡಲಿಗೆ ಹೋಗಬೇಕಾಗಿದ್ದ ಹನಿಗಳು ಮೂಡಲಿಗೆ ಮುಖ ಮಾಡಿದುವು.

ಇಲ್ಲಿಯೇ ಎರಡು ಸೀಮೆಗಳ ಮಾತು ಕವಲೊಡೆಯುತ್ತದೆ. ಸಮುದ್ರಕ್ಕೆ ಹೋಗುವ ನೀರು ವ್ಯರ್ಥವೆಂದು ಬಯಲಿನ ರೈತನು ಹೇಳುತ್ತಾನೆ. ಬತ್ತಿದ ಕೊಳವೆಬಾವಿಯ ಮುಂದೆ ನಿಂತವನ ಮಾತನ್ನು ಅಲ್ಲಗಳೆಯುವುದು ಕಷ್ಟ. ಅಳಿವೆಯ ಮೊಗವೀರನಾದರೋ, ಹೊಳೆಯ ಸಿಹಿನೀರು ಬಂದರೆ ಮಾತ್ರ ಮೀನಿನ ಸಂತಾನ ಬೆಳೆಯುವುದೆಂದೂ, ಹೊಳೆ ಸೊರಗಿದರೆ ಉಪ್ಪುನೀರು ಒಳನುಗ್ಗಿ ಬಾವಿಗಳು ಕೆಡುವುವೆಂದೂ ಹೇಳುತ್ತಾನೆ. ಉಳ್ಳಾಲದಲ್ಲಿ ಕಡಲ್ಕೊರೆತಕ್ಕೆ ಮನೆ ಕಳೆದುಕೊಂಡವರನ್ನು ಕಂಡವನ ಮಾತದು, ಅದನ್ನೂ ತಳ್ಳಿಹಾಕುವಂತಿಲ್ಲ. ಇಬ್ಬರೂ ಒಂದೇ ಮೋಡದ ಒಕ್ಕಲುಗಳು. ಘಟ್ಟದ ಕಾಡು ಉಳಿದರೆ ಇಬ್ಬರಿಗೂ ನೀರುಂಟು. ಅದು ಬೋಳಾದರೆ ಎತ್ತುವವನಿಗೂ ಇಲ್ಲ, ಇಳಿಸಿಕೊಳ್ಳುವವನಿಗೂ ಇಲ್ಲ.

ಸಂಜೆಯ ಹೊತ್ತು ಸುಲ್ತಾನ್ ಬತ್ತೇರಿಯ ಬಳಿ ನಿಂತರೆ, ಎದುರಿನ ತಣ್ಣೀರುಬಾವಿಗೆ ಹೋಗುವ ದೋಣಿಗಳು ಕಾಣುತ್ತವೆ. ಮಳೆಗಾಲದಲ್ಲಿ ಹೊಳೆಯ ನೀರು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿರುತ್ತದೆ. ಅದು ಘಟ್ಟದ ಯಾವುದೋ ಇಳಿಜಾರಿನಿಂದ ಕಳಚಿಬಂದ ಮಣ್ಣು. ಬೊಮ್ಮನು ಹಡಗು ಹತ್ತಿದ ಕಾಲದಲ್ಲಿಯೂ ಹೊಳೆಗಳು ಹೀಗೆಯೇ ಕೂಡುತ್ತಿದ್ದುವು. ಅವುಗಳಲ್ಲಿ ಮುಂದೆಯೂ ನೀರಿರುವಂತೆ ನೋಡಿಕೊಳ್ಳುವ ಹೊಣೆ ಮಾತ್ರ ಕುಡ್ಲದವರದೂ ಹೌದು, ಯಲ್ಲದಕೆರೆಯವರದೂ ಹೌದು.