ಸ್ಮಾರ್ಟ್ ಕಾರ್ಡು ಮತ್ತು ಕಂಪ್ಯೂಟರಿಗೆ ಭದ್ರವಾದ ಪ್ರವೇಶ

ತೆರಿಗೆಯ ಪತ್ರಗಳು, ಸಂಘಗಳ ಲೆಕ್ಕಗಳು, ರೈತ ಉತ್ಪಾದಕ ಕಂಪನಿಗಳ ವರದಿಗಳು ಈಗ ಕಂಪ್ಯೂಟರಿನ ಮೂಲಕವೇ ಸಲ್ಲುತ್ತಿರುವುದು ಗ್ರಾಮದ ಯಜಮಾನರಿಗೂ ಭೂಮಾಲಿಕರಿಗೂ ತಿಳಿದ ವಿಷಯವಷ್ಟೆ. ಇವುಗಳಿಗೆಲ್ಲ ಪಾಸ್‌ವರ್ಡೊಂದನ್ನೇ ನೆಚ್ಚಿಕೊಂಡಿರುವುದು ಕ್ಷೇಮವಲ್ಲ. ಅದನ್ನು ಕಂಡವರೂ ಊಹಿಸಿದವರೂ ಉಪಯೋಗಿಸಬಹುದು. ಕಳುವಾದದ್ದು ಒಡೆಯನಿಗೆ ತಿಳಿಯುವುದೂ ಇಲ್ಲ. ಈ ಕುಂದನ್ನು ಪರಿಹರಿಸತಕ್ಕ ಸಾಧನಗಳಲ್ಲಿ ಸ್ಮಾರ್ಟ್ ಕಾರ್ಡು ಒಂದು.

ಕಾರ್ಡಿನ ಸ್ವರೂಪ.— ಬ್ಯಾಂಕಿನ ಕಾರ್ಡಿನಲ್ಲಿರುವಂತೆ ಇದರಲ್ಲಿಯೂ ಒಂದು ಸಣ್ಣ ಚಿಪ್ ಇರುತ್ತದೆ. ಅದರೊಳಗೆ ಖಾಸಗಿ ಕೀಲಿಯೆಂಬ ದೀರ್ಘವಾದ ಸಂಖ್ಯೆಯು ಅಡಗಿರುವುದು. ಅದಕ್ಕೆ ಜೋಡಿಯಾದ ಸಾರ್ವಜನಿಕ ಕೀಲಿಯನ್ನು ಒಡೆಯನ ಹೆಸರಿನೊಡನೆ ಪ್ರಮಾಣಪತ್ರದಲ್ಲಿ ನಮೂದಿಸಿರುತ್ತಾರೆ. ಪ್ರವೇಶವನ್ನು ಕೇಳಿದಾಗ ಎದುರಿನ ಯಂತ್ರವು ಪ್ರತಿ ಸಲವೂ ಹೊಸದೊಂದು ಪ್ರಶ್ನೆಯನ್ನು ಕಳುಹಿಸುವುದು. ಕಾರ್ಡು ತನ್ನೊಳಗೇ ಅದಕ್ಕೆ ಸಹಿಮಾಡಿ ಉತ್ತರವನ್ನು ಮಾತ್ರ ಹೊರಕ್ಕೆ ಕೊಡುವುದು. ಮುದ್ರೆಯನ್ನು ಪೆಟ್ಟಿಗೆಯಿಂದ ತೆಗೆಯದೆ, ಕಾಗದವನ್ನೇ ಪೆಟ್ಟಿಗೆಯೊಳಕ್ಕೆ ತಳ್ಳಿ ಒತ್ತಿಸಿಕೊಂಡಂತೆ ಇದರ ಕ್ರಮ. ಪಿನ್ ಸಂಖ್ಯೆಯನ್ನು ಗೊತ್ತಾದಷ್ಟು ಸಲ ತಪ್ಪಾಗಿ ಒತ್ತಿದರೆ ಕಾರ್ಡು ತಾನಾಗಿಯೇ ಬೀಗ ಹಾಕಿಕೊಳ್ಳುವುದು. ಉತ್ಪಾದಕ ಕಂಪನಿಗಳ ನಿರ್ದೇಶಕರು ಡಿಜಿಟಲ್ ಸಹಿಗೆ ಉಪಯೋಗಿಸುವ ಯುಎಸ್‌ಬಿ ಟೋಕನ್ ಸಹ ಇದೇ ಜಾತಿಯದು. ಕಾರ್ಡೂ ರೀಡರೂ ಅದರಲ್ಲಿ ಒಂದಾಗಿರುತ್ತವೆ.

ಅಣಿಮಾಡುವ ಕ್ರಮ.— ಯಾವ ಕಂಪ್ಯೂಟರಿನಲ್ಲಿಯಾದರೂ ಮೂರು ಅಂಗಗಳು ಕೂಡಿಬರಬೇಕು: ಯಂತ್ರವು ರೀಡರನ್ನು ಗುರುತಿಸಬೇಕು, ಕಾರ್ಡಿನ ಭಾಷೆಯನ್ನರಿತ ತಂತ್ರಾಂಶವಿರಬೇಕು, ಪ್ರಮಾಣಪತ್ರವನ್ನು ಕೊಟ್ಟ ಸಂಸ್ಥೆಯಲ್ಲಿ ಯಂತ್ರಕ್ಕೆ ನಂಬಿಕೆಯಿರಬೇಕು. ಕಾರ್ಡು ಒಂದೇ ಆದರೂ ಈ ಏರ್ಪಾಡು ಆಪರೇಟಿಂಗ್ ಸಿಸ್ಟಮಿಗೆ ತಕ್ಕಂತೆ ಬೇರೆಯಾಗುವುದು.

ವಿಂಡೋಸಿನಲ್ಲಿ ರೀಡರಿನ ಸೇವೆಯು ಮೊದಲೇ ಅಡಕವಾಗಿದೆ. ಟೋಕನ್ನಿನ ತಯಾರಕರು ಒದಗಿಸುವ ಡ್ರೈವರನ್ನು ಸೇರಿಸಿದರೆ ಪ್ರಮಾಣಪತ್ರವು ಬಳಕೆದಾರನ ಉಗ್ರಾಣದಲ್ಲಿ ಕಾಣುವುದು. ಇದರಿಂದ ವೆಬ್‌ಸೈಟುಗಳಿಗೆ ಪ್ರವೇಶ ದೊರೆಯುವುದಾದರೂ, ವಿಂಡೋಸಿನ ಬಾಗಿಲನ್ನೇ ಕಾರ್ಡಿನಿಂದ ತೆರೆಯುವ ಏರ್ಪಾಡು ಸಾಮಾನ್ಯವಾಗಿ ಸಂಸ್ಥೆಗಳ ಡೊಮೇನಿಗೆ ಸೇರಿದ ಯಂತ್ರಗಳಿಗೆ ಮಾತ್ರ ಉಂಟು.

ಲಿನಕ್ಸಿನಲ್ಲಿ ಪಿಸಿಎಸ್‌ಸಿ-ಲೈಟ್, ಸಿಸಿಐಡಿ, ಓಪನ್‌ಎಸ್‌ಸಿ ಎಂಬ ಮೂರು ತಂತ್ರಾಂಶಗಳನ್ನು ಸ್ಥಾಪಿಸಬೇಕು. ಓಪನ್‌ಎಸ್‌ಸಿ ಅರಿಯದ ಟೋಕನ್ನಿಗೆ ತಯಾರಕರದೇ ಪಿಕೆಸಿಎಸ್ 11 ಕಡತವು ಬೇಕಾಗುವುದು; ಫೈರ್‌ಫಾಕ್ಸಿಗೆ ಆ ಕಡತವನ್ನು ತೋರಿಸಿಕೊಡಬೇಕು. ಯಂತ್ರಕ್ಕೇ ಪ್ರವೇಶಿಸುವುದಕ್ಕೆ ಎಸ್‌ಎಸ್‌ಎಸ್‌ಡಿ ಎಂಬ ಸೇವೆಯನ್ನು ಅಣಿಮಾಡುವುದುಂಟು.

ಮ್ಯಾಕ್ ಓಎಸ್‌ನಲ್ಲಿ, 2016ರ ಸಿಯೆರಾ ಆವೃತ್ತಿಯಿಂದೀಚೆಗೆ, ಪಿಐವಿ ಮಾದರಿಯ ಕಾರ್ಡನ್ನು ಯಂತ್ರವೇ ಗುರುತಿಸಿ ಖಾತೆಗೆ ಜೋಡಿಸಬೇಕೇ ಎಂದು ಕೇಳುವುದು. ಈ ಮಾದರಿಯನ್ನು ಅಮೆರಿಕಾ ಸರ್ಕಾರವು ತನ್ನ ನೌಕರರಿಗಾಗಿ 2005ರಲ್ಲಿ ಗೊತ್ತುಮಾಡಿತು. ಬೇರೆ ಜಾತಿಯ ಕಾರ್ಡಿಗೆ ತಯಾರಕರ ತಂತ್ರಾಂಶವು ಅವಶ್ಯ.

ಎಚ್ಚರಿಕೆಗಳು.— ಕಾರ್ಡಿನ ಪ್ರವೇಶವು ಸರಿಯಾಗಿ ನಡೆಯುವುದೆಂದು ಹಲವು ಸಲ ಪರೀಕ್ಷಿಸುವುದಕ್ಕೆ ಮುಂಚೆ ಪಾಸ್‌ವರ್ಡಿನ ದಾರಿಯನ್ನು ಮುಚ್ಚತಕ್ಕದ್ದಲ್ಲ; ಮುಚ್ಚಿದರೆ ಒಡೆಯನೇ ಹೊರಗುಳಿಯಬೇಕಾದೀತು. ಪ್ರಮಾಣಪತ್ರದ ಅವಧಿ ಮುಗಿಯುವ ದಿನವನ್ನು ಬರೆದಿಟ್ಟುಕೊಂಡು, ಮೊದಲೇ ನವೀಕರಿಸತಕ್ಕದ್ದು.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಟೋಕನ್ನನ್ನೂ ಅದರ ಪಿನ್ನನ್ನೂ ಲೆಕ್ಕ ಬರೆಯುವವರ ಬಳಿಯಲ್ಲಿಯೇ ಬಿಟ್ಟಿರುವ ವಾಡಿಕೆಯು ಕೆಲವರಲ್ಲಿದೆ. ಇದು ಖಾಲಿ ಕಾಗದಕ್ಕೆ ರುಜು ಹಾಕಿಕೊಟ್ಟಂತೆ. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 42ನೆಯ ಪ್ರಕರಣದಂತೆ ಖಾಸಗಿ ಕೀಲಿಯನ್ನು ಸ್ವಾಧೀನದಲ್ಲಿಟ್ಟುಕೊಳ್ಳುವ ಹೊಣೆಯು ಪ್ರಮಾಣಪತ್ರದ ಒಡೆಯನದು. ಅದು ಪರರ ವಶವಾದರೆ ಕೂಡಲೆ ಪ್ರಮಾಣಪತ್ರವಿತ್ತ ಸಂಸ್ಥೆಗೆ ತಿಳಿಸಬೇಕು. ತಿಳಿಸುವವರೆಗೂ ಬಾಧ್ಯತೆಯು ಅವನನ್ನು ಬಿಡದು. ಆದಕಾರಣ ಸಹಿಯ ಕೆಲಸವಿದ್ದಾಗ ಯಜಮಾನನೇ ಟೋಕನ್ನನ್ನು ಕೊಂಡೊಯ್ದು, ಪಿನ್ನನ್ನು ತಾನೇ ಒತ್ತಿ, ಕೆಲಸ ಮುಗಿದೊಡನೆ ಮರಳಿ ತರುವುದು ಉತ್ತಮ. ಕಣಜದ ಬೀಗವೆಷ್ಟೇ ಗಟ್ಟಿಯಾಗಿದ್ದರೂ ಬೀಗದ ಕೈ ಪರರಲ್ಲಿದ್ದರೆ ಧಾನ್ಯ ಉಳಿಯದೆಂಬುದನ್ನು ರೈತರಿಗೆ ಹೇಳಬೇಕಾದುದಿಲ್ಲ.